ಉಪಾಧ್ಯಾಯರಿಗೆ ಉಪಾಧ್ಯಾಯರು : ಕನ್ನಡ ನಾಡಿನ ಬೋಧಕಶಿಕ್ಷಣದ ಪೂರ್ವಚರಿತ್ರೆ

೧. ಪೀಠಿಕೆ

ನಮ್ಮ ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಶಾಲೆಗಳ ಸಂಖ್ಯೆಯನ್ನೂ, ಓದುವ ಮಕ್ಕಳ ಸಂಖ್ಯೆಯನ್ನೂ, ಪಠ್ಯಗಳ ಹೆಸರುಗಳನ್ನೂ ಶ್ರಮಪಟ್ಟು ಸಂಗ್ರಹಿಸಿರುವರು. ಆದರೆ ಕಲಿಸುವವನು ಕಲಿಸುವ ವಿದ್ಯೆಯನ್ನು ಯಾರಿಂದ ಕಲಿತನು, ಕಲಿತು ಕೆಲಸಕ್ಕೆ ನಿಂತಮೇಲೆ ಅವನಿಗೆ ಒತ್ತಾಸೆಯಾಗಿದ್ದವರು ಯಾರು ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ವಿರಳ. ಶಿಷ್ಯನಿಗೆ ಗುರುವು ಬೇಕೆಂಬುದನ್ನು ಎಲ್ಲರೂ ಒಪ್ಪುವರು. ಗುರುವಿಗೂ ಒಬ್ಬ ಗುರುವು ಬೇಕೆಂಬುದು ಮಾತ್ರ ಮರೆತುಹೋಗುವ ಮಾತು. ಈ ಲೇಖನದಲ್ಲಿ ಆ ಮರೆತ ಮಾತನ್ನು ಹಿಡಿದು, ಹದಿನೇಳನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಕನ್ನಡ ನಾಡಿನಲ್ಲಿ ಅದರ ಜಾಡು ಹೇಗೆ ಸಾಗಿತೆಂಬುದನ್ನು ಯಥಾಮತಿಯಾಗಿ ವಿಚಾರಿಸಲಾಗುವುದು.

ವಿದ್ಯೆಯು ಬೇರೆ, ವಿದ್ಯೆಯನ್ನು ಕೊಡುವ ಶಕ್ತಿಯು ಬೇರೆ ಎಂಬ ವಿವೇಕವು ನಮ್ಮವರಿಗೆ ಹೊಸದಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ಮೇಲ್ಮೆಯ ವಿವಾದವು ಹುಟ್ಟಿದಾಗ, ಪರಿವ್ರಾಜಿಕೆಯು ಈ ಎರಡು ಶಕ್ತಿಗಳನ್ನು ಬೇರ್ಪಡಿಸಿ, ಎರಡೂ ಉಳ್ಳವನೇ ಬೋಧಕರಲ್ಲಿ ಮುಂದಾಳೆಂದು ನಿರ್ಣಯಿಸುವಳು. ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ವಿದ್ಯೆಯು ಉಪಯೋಗಕ್ಕೆ ಬರುವ ಕಾಲಗಳನ್ನು ನಾಲ್ಕಾಗಿ ಎಣಿಸುವನು: ಗುರುವಿನಿಂದ ಪಡೆಯುವ ಕಾಲ, ತಾನೇ ಅಭ್ಯಾಸಮಾಡುವ ಕಾಲ, ಇತರರಿಗೆ ಹೇಳುವ ಕಾಲ, ವ್ಯವಹಾರದಲ್ಲಿ ತೊಡಗಿಸುವ ಕಾಲ. ಇಲ್ಲಿ ಮೂರನೆಯದಾದ ಪ್ರವಚನವು ವಿದ್ಯೆಯು ಮುಗಿದಮೇಲೆ ಬರುವ ಉದ್ಯೋಗವಲ್ಲ, ವಿದ್ಯೆಯದೇ ಒಂದು ಅಂಗ. ಪಾಠ ಹೇಳುವವನು ಇನ್ನೂ ಓದುತ್ತಿರುವವನೇ ಎಂಬ ತಾತ್ಪರ್ಯವು ಇದರಿಂದ ಹೊರಡುತ್ತದೆ. ಮುಂದೆ ಬರುವ ಸಂಗತಿಗಳನ್ನು ಅಳೆಯುವುದಕ್ಕೆ ಇದನ್ನೇ ಮಾನದಂಡವಾಗಿ ಇಟ್ಟುಕೊಳ್ಳಬಹುದು.

೨. ಇಕ್ಕೇರಿಯ ದಾರಿಯ ನಾಲ್ವರು ಹುಡುಗರು

ಕ್ರಿ. ಶ. ೧೬೨೩ನೆಯ ವರ್ಷದ ನವೆಂಬರು ತಿಂಗಳಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಯಾತ್ರಿಕನು, ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಸರ ರಾಯಭಾರದೊಡನೆ ಘಟ್ಟವನ್ನೇರಿ ಇಕ್ಕೇರಿಯ ಕಡೆಗೆ ಪ್ರಯಾಣಮಾಡುತ್ತಿದ್ದನು. ದಾರಿಯಲ್ಲಿ ತಂಗಿದ್ದಾಗ ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಚಿಕ್ಕ ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ಕಂಡು ತನ್ನ ಪತ್ರವೊಂದರಲ್ಲಿ ವಿವರವಾಗಿ ಬರೆದಿಟ್ಟಿರುವನು. ಹುಡುಗರು ನೆಲದಮೇಲೆ ನುಣ್ಣನೆಯ ಮರಳನ್ನು ಹರಡಿಕೊಂಡಿದ್ದರು. ಒಬ್ಬನು ರಾಗವಾಗಿ ಪಾಠದ ಒಂದು ಭಾಗವನ್ನು ಹೇಳುತ್ತ ಅದನ್ನು ಬೆರಳಿನಿಂದ ಮರಳಮೇಲೆ ಬರೆಯುವನು. ಉಳಿದವರು ಅದೇ ರಾಗದಲ್ಲಿ ಅದನ್ನೇ ಹೇಳುತ್ತ ಬರೆಯುವರು. ಮರಳು ತುಂಬಿದೊಡನೆ ಅಳಿಸಿ ಹೊಸದಾಗಿ ಹರಡುವರು. ಹತ್ತಿರದಲ್ಲಿ ಉಪಾಧ್ಯಾಯನು ಯಾರೂ ಇರಲಿಲ್ಲ.

ತಪ್ಪಿದರೆ ತಿದ್ದುವವರಾರು ಎಂದು ಯಾತ್ರಿಕನು ಕೇಳಿದುದಕ್ಕೆ ಆ ಹುಡುಗರು ಕೊಟ್ಟ ಉತ್ತರವು ಮನನೀಯವಾದುದು. ನಾಲ್ವರೂ ಒಂದೇ ಪಾಠವನ್ನು ಹೇಳಿಸಿಕೊಂಡಿರುವೆವು. ನಾಲ್ವರೂ ಒಂದೇ ಎಡೆಯಲ್ಲಿ ಮರೆಯುವುದು ಸಂಭವಿಸದು. ಒಬ್ಬನು ಮರೆತುದನ್ನು ಮತ್ತೊಬ್ಬನು ನೆನಪಿಗೆ ತರುವನು. ಆದುದರಿಂದ ಗುರುವು ಎದುರಿಗೆ ಇಲ್ಲದಿದ್ದರೂ ಅಭ್ಯಾಸವು ಕೆಡುವುದಿಲ್ಲ, ಎಂಬುದು ಅದರ ಸಾರಾಂಶ. ದೆಲ್ಲಾ ವಾಲ್ಲೆಯು ಈ ಕ್ರಮವು ಸುಲಭವೂ ಭದ್ರವೂ ಆದುದೆಂದು ಮೆಚ್ಚಿಕೊಂಡಿರುವನು.

ಈ ಪ್ರಸಂಗವನ್ನು ಬಾಲಕರ ಜಾಣತನಕ್ಕೆ ನಿದರ್ಶನವಾಗಿ ಮಾತ್ರ ಓದಿದರೆ ಸಾಲದು. ಕಲಿತದ್ದನ್ನು ಉಳಿಸುವುದು ಸಹಾಧ್ಯಾಯಿಗಳ ಸಂಗ ಎಂಬ ನಂಬಿಕೆಯು ಆ ಕಾಲದ ಹಳ್ಳಿಗಾಡಿನ ಎಳೆಯ ಮಕ್ಕಳವರೆಗೂ ಇಳಿದು ಸಹಜವಾಗಿದ್ದಿತೆಂಬುದಕ್ಕೆ ಇದು ಸಾಕ್ಷಿ. ಇಂತಹ ಜಗಲಿಯಲ್ಲಿ ಬೆಳೆದ ಹುಡುಗನು ಮುಂದೆ ಐಗಳಾಗಿ ಕುಳಿತನಾದರೆ, ಅವನು ಕಲಿಸುವ ವಿದ್ಯೆಯನ್ನು ಬೇರೆಲ್ಲಿಯೋ ಹೋಗಿ ಕಲಿತವನಲ್ಲ. ಕಲಿಯುತ್ತಲೇ ಕಲಿಸುವುದನ್ನೂ ಕಲಿತವನು.

೩. ಐಗಳ ಮಠ : ಬಳ್ಳಾರಿಯ ವರದಿ

ಸರಿಯಾಗಿ ಇನ್ನೂರು ವರ್ಷಗಳ ತರುವಾಯ, ಮದ್ರಾಸು ಆಧಿಪತ್ಯದ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ೧೮೨೨ನೆಯ ಜೂನ್ ೨೫ರ ತನ್ನ ಟಿಪ್ಪಣಿಯಿಂದ ಎಲ್ಲ ಜಿಲ್ಲೆಗಳ ಪಾಠಶಾಲೆಗಳ ಲೆಕ್ಕವನ್ನು ತರಿಸಿದನು. ಬಳ್ಳಾರಿಯ ಕಲೆಕ್ಟರಾದ ಎ. ಡಿ. ಕ್ಯಾಂಬೆಲ್ಲನು ೧೮೨೩ನೆಯ ಆಗಸ್ಟು ೧೭ರಂದು ಕಳುಹಿಸಿದ ವರದಿಯು ಅವುಗಳಲ್ಲೆಲ್ಲ ವಿಸ್ತಾರವಾದುದು. ತೆಲುಗಿನ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ಪಂಡಿತನು ಈ ಅಧಿಕಾರಿಯೇ; ಆದುದರಿಂದ ಅವನ ಕಣ್ಣು ಶಾಲೆಯ ಲೆಕ್ಕಕ್ಕೆ ನಿಲ್ಲದೆ ಅದರ ಒಳಗಿನ ಕ್ರಮವನ್ನೂ ಹೊಕ್ಕಿದೆ.

ಆ ಜಿಲ್ಲೆಯಲ್ಲಿ ೫೩೩ ಪಾಠಶಾಲೆಗಳಿದ್ದುವು. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ೧. ಬ್ರಾಹ್ಮಣರು ಸಂಸ್ಕೃತಶಾಸ್ತ್ರಗಳನ್ನು ಹೇಳುತ್ತಿದ್ದ ಶಾಲೆಗಳು ೨೩. ಓದುವವರ ಒಟ್ಟು ಸಂಖ್ಯೆ ೬,೬೪೧. ಅವರಲ್ಲಿ ಹೆಣ್ಣುಮಕ್ಕಳು ಅರುವತ್ತೇ ಮಂದಿ. ಒಂದೊಂದು ಮಠಕ್ಕೆ ಸರಾಸರಿಯಾಗಿ ಹನ್ನೆರಡು ಹುಡುಗರಾಗುವರು. ಈ ಹನ್ನೆರಡೆಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರಿಂದ ಪ್ರಯೋಜನವಿದೆ.

ಕ್ಯಾಂಬೆಲ್ಲನು ವರ್ಣಿಸುವಂತೆ ಬೆಳಗಿನ ಹೊತ್ತು ಮಠಕ್ಕೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು; ಎರಡನೆಯವನಿಗೆ ಸೊನ್ನೆ; ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು; ನಾಲ್ಕನೆಯವನಿಗೆ ಎರಡು; ಹೀಗೆಯೇ ಬರಬರುತ್ತ ಪೆಟ್ಟುಗಳು ಏರುವುವು. ಹುಡುಗರನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಕೆಳಗಿನ ವರ್ಗಗಳನ್ನು ಮುಂದುವರಿದ ಹುಡುಗರ ವಶಕ್ಕೆ ಕೊಟ್ಟು, ಮೇಲಿನ ವರ್ಗಗಳಿಗೆ ಐಗಳೇ ಪಾಠ ಹೇಳುವರು. ಆದರೂ ಅವರ ದೃಷ್ಟಿಯು ಇಡಿಯ ಮಠದಮೇಲೆ ಇರುವುದು. ಅಕ್ಷರಗಳನ್ನು ಮರಳಿನಲ್ಲಿ ಬೆರಳಿಂದ ತಿದ್ದಿಸಿ ಕಲಿಸುವರು. ದೊಡ್ಡವರು ಚಿಕ್ಕವರಿಗೆ ಹೇಳಿಕೊಟ್ಟು, ಅದರಿಂದಲೇ ತಮ್ಮ ತಿಳಿವಳಿಕೆಯನ್ನು ದೃಢಪಡಿಸಿಕೊಳ್ಳುವ ಈ ಏರ್ಪಾಡು ಶ್ಲಾಘ್ಯವಾದುದೆಂದೂ, ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಯುಕ್ತವೇ ಎಂದೂ ಆ ಕಲೆಕ್ಟರನು ಮುಕ್ತಕಂಠದಿಂದ ಒಪ್ಪಿಕೊಂಡಿರುವನು.

ಆದರೆ ಹಳೆಯದೆಲ್ಲವೂ ಒಳ್ಳೆಯದೆಂದು ಹೇಳಹೊರಟರೆ ಚರಿತ್ರೆಗೆ ಅಪಚಾರವಾಗುವುದು. ಮಠದ ಹುಡುಗರು ಸಾವಿರಾರು ಪದ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲರು, ಅರ್ಥವನ್ನು ಮಾತ್ರ ಅರಿಯರು. ಹೇಳಿಸುವ ಐಗಳಿಗೂ ಅನೇಕವೇಳೆ ಅರ್ಥವು ತಿಳಿಯದು ಎಂಬುದು ಅದೇ ವರದಿಯ ಆಕ್ಷೇಪಣೆ. ರಾಮಾಯಣ, ಭಾರತ, ಭಾಗವತಗಳೂ, ವೀರಶೈವರ ಮಕ್ಕಳಿಗೆ ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳೂ ಪಾಠವಾಗಿದ್ದುವು. ಗಿರಿಜಾಕಲ್ಯಾಣದಂತಹ ಪ್ರೌಢ ಚಂಪುವನ್ನು ಹತ್ತು ವರ್ಷದ ಬಾಲಕನು ಅರ್ಥವಿಲ್ಲದೆ ಉರುಹೊಡೆಯುತ್ತಿದ್ದನೆಂಬುದನ್ನು ಕನ್ನಡದ ಉಪಾಧ್ಯಾಯರಾದ ವಾಚಕರು ಊಹಿಸಿಕೊಳ್ಳಬಲ್ಲರು. ಕೈಗಳಿಗೆ ಹಗ್ಗವನ್ನು ಬಿಗಿದು ತೂಗಹಾಕುವ ಕೋದಂಡವೆಂಬ ಶಿಕ್ಷೆಯನ್ನು ನಮ್ಮ ಹಿರಿಯರು ನಡುಗುತ್ತಲೇ ನೆನೆಯುತ್ತಿದ್ದರು. ಅಂತ್ಯಜರೆನಿಸಿಕೊಂಡವರ ಮಕ್ಕಳಿಗೆ ಆ ಮಠಗಳ ಬಾಗಿಲು ಮುಚ್ಚಿದ್ದಿತೆಂಬುದನ್ನೂ ಮರೆಯಲಾಗದು.

ಈ ದೋಷಗಳಿಗೆ ಕಾರಣವನ್ನು ಐಗಳ ಸ್ವಭಾವದಲ್ಲಿ ಹುಡುಕಿದರೆ ಅನ್ಯಾಯವಾಗುವುದು. ಮನ್ರೋವೇ ಬರೆದಿರುವಂತೆ ಉಪಾಧ್ಯಾಯನೊಬ್ಬನ ಸಂಪಾದನೆಯು ತಿಂಗಳಿಗೆ ಆರೇಳು ರೂಪಾಯಿಗಳನ್ನು ಮೀರುತ್ತಿರಲಿಲ್ಲ. ಮಹಾನವಮಿಯಲ್ಲಿ ಹುಡುಗರನ್ನು ಕೂಡಿಕೊಂಡು ಮನೆಮನೆಯ ಮುಂದೆ ಚೌಪದಗಳನ್ನು ಹಾಡಿಸಿ ತಂದ ಕಾಣಿಕೆಯಿಂದ ವರ್ಷದ ಬಟ್ಟೆಯನ್ನು ಹೊಂದಿಸಿಕೊಳ್ಳಬೇಕಾಗಿದ್ದಿತು. ಬಳ್ಳಾರಿಯ ೫೩೩ ಶಾಲೆಗಳಲ್ಲಿ ಒಂದಕ್ಕಾದರೂ ಆಗ ಸರ್ಕಾರದ ಸಹಾಯವಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮಠದಲ್ಲಿ ಕಿರಿಯನಿಗೆ ಹಿರಿಯನಿದ್ದನು, ಹಿರಿಯನಿಗೆ ಐಗಳಿದ್ದರು. ಐಗಳಿಗೆ ಮಾತ್ರ ಯಾರೂ ಇರಲಿಲ್ಲ. ಏಣಿಯ ಮೇಲಣ ಮೆಟ್ಟಲೊಂದು ಮುರಿದುಹೋಗಿದ್ದಿತು. ಸಂಸ್ಕೃತದ ೨೩ ಪಾಠಶಾಲೆಗಳ ಪಂಡಿತನಿಗೆ ಸಂದೇಹ ಬಂದರೆ ಮತ್ತೊಬ್ಬ ವಿದ್ವಾಂಸನಲ್ಲಿಗೆ ಹೋಗಿ ವಾಕ್ಯಾರ್ಥಮಾಡುವ ಪದ್ಧತಿಯಾದರೂ ಇದ್ದಿತು. ಕೂಲಿಮಠದ ಐಗಳಿಗೆ ಅಂತಹ ಗೋಷ್ಠಿಯು ಎಲ್ಲಿಂದ ಬರಬೇಕು?

೪. ಮರಳು ಕಡಲನ್ನು ದಾಟಿದುದು

ಇಂಗ್ಲೆಂಡಿನವರು ಅನುಕರಿಸಿದರೆಂದು ಕ್ಯಾಂಬೆಲ್ಲನು ಹೇಳಿದುದಕ್ಕೆ ಆಧಾರವೇನೆಂಬುದನ್ನು ನೋಡೋಣ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ೧೭೮೯ರಲ್ಲಿ ಮದ್ರಾಸಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದನು. ಮಲಬಾರಿನವರೆಂದು ಅವನು ಕರೆದ ನಾಡ ಮಕ್ಕಳು ಮರಳಿನಲ್ಲಿ ಅಕ್ಷರ ಬರೆಯುತ್ತಿದ್ದುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಅದನ್ನೇ ಆಚರಣೆಗೆ ತರಲು ಹೇಳಿದನು. ಕೈಕೆಳಗಿನ ಬೋಧಕರು ಅದು ಆಗದ ಮಾತೆಂದರು. ಆಗ ಅವನು ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನನ್ನೇ ಅಕ್ಷರವರ್ಗಕ್ಕೆ ಬೋಧಕನನ್ನಾಗಿ ನಿಲ್ಲಿಸಿದನು, ಕಾರ್ಯವು ಸಿದ್ಧಿಸಿತು. ೧೭೯೬ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಮರುವರ್ಷ ತನ್ನ ಪ್ರಯೋಗವನ್ನು ಅಚ್ಚುಹಾಕಿಸಿದನು. ಅದಕ್ಕೆ ಮದ್ರಾಸು ಪದ್ಧತಿಯೆಂದೇ ಹೆಸರಾಯಿತು. ಜೋಸೆಫ್ ಲ್ಯಾಂಕಸ್ಟರನು ೧೭೯೮ರಲ್ಲಿ ಲಂಡನ್ನಿನಲ್ಲಿ ಇದೇ ಬಗೆಯ ಶಾಲೆಯನ್ನು ತೆರೆದನು. ಇಬ್ಬರ ಅನುಯಾಯಿಗಳಿಗೂ ಮೊದಲು ಕಂಡುಹಿಡಿದವರಾರೆಂಬ ಜಗಳವು ಬಹುಕಾಲ ನಡೆಯಿತು.

ಇಲ್ಲಿ ಎರಡು ಅಂಶಗಳನ್ನು ವಿವೇಚಿಸಬೇಕು. ಮರಳಿನ ಬರೆಹವನ್ನು ನಮ್ಮವರಿಂದ ಪಡೆದೆನೆಂದು ಬೆಲ್ಲನೇ ಹೇಳಿರುವುದರಿಂದ ಅದರಲ್ಲಿ ವಿವಾದವಿಲ್ಲ. ಬಾಲಕನನ್ನು ಬೋಧಕನನ್ನಾಗಿ ಮಾಡಿದುದನ್ನು ಅವನು ತನ್ನ ಸ್ವಂತ ಯುಕ್ತಿಯೆಂದು ಎಣಿಸಿದನು. ಕ್ಯಾಂಬೆಲ್ಲನು ಅದೂ ಇಲ್ಲಿಯದೇ ಎಂದು ಭಾವಿಸಿದನು. ೧೬೨೩ರ ಇಕ್ಕೇರಿಯ ಸಾಕ್ಷ್ಯವನ್ನು ಎದುರಿಗಿಟ್ಟು ನೋಡಿದರೆ, ಈ ಪದ್ಧತಿಯ ಪ್ರಾಚೀನತೆಯು ನಮ್ಮ ಕಡೆಗೆ ಸಿದ್ಧವಾಗುತ್ತದೆ. ಬೆಲ್ಲನು ಅದನ್ನು ಕಂಡೇ ಕಲಿತನೆಂಬುದು ಮಾತ್ರ ಸಿದ್ಧವಾಗುವುದಿಲ್ಲ. ಅಷ್ಟರಲ್ಲಿ ನಿಲ್ಲುವುದು ನ್ಯಾಯ.

ಇದಕ್ಕಿಂತ ಮುಖ್ಯವಾದುದು ಪದ್ಧತಿಯು ಅಲ್ಲಿ ತಳೆದ ರೂಪ. ಬಳ್ಳಾರಿಯಲ್ಲಿ ಐಗಳ ಕಣ್ಣೆದುರಿಗೆ ಹನ್ನೆರಡು ಹುಡುಗರು. ಲಂಡನ್ನಿನಲ್ಲಿ ಒಬ್ಬ ಉಪಾಧ್ಯಾಯನ ಕೆಳಗೆ ನೂರಾರು ಹುಡುಗರು, ಲ್ಯಾಂಕಸ್ಟರನ ಆಶಯದಂತೆ ಸಾವಿರ. ಇಲ್ಲಿ ಹಿರಿಯನು ಕಿರಿಯನಿಗೆ ಹೇಳಿಕೊಡುತ್ತಿದ್ದುದು ತಾನೂ ಗಟ್ಟಿಯಾಗುವುದಕ್ಕೆ. ಅಲ್ಲಿ ವೆಚ್ಚವನ್ನು ಉಳಿಸುವುದಕ್ಕೆ. ಪದ್ಧತಿಯ ಆಕಾರವು ಕಡಲನ್ನು ದಾಟಿತು. ಅದರ ಸಾಮೀಪ್ಯವು ಈಚೆಯ ದಡದಲ್ಲಿಯೇ ಉಳಿಯಿತು. ಕೆಲವು ದಶಕಗಳಲ್ಲಿ ಆ ಯಂತ್ರದಂತಹ ಶಾಲೆಗಳ ಬಡತನವು ಅಲ್ಲಿಯವರಿಗೇ ತಿಳಿಯಿತು. ೧೮೪೬ರಲ್ಲಿ ಕೇ ಷಟಲ್‌ವರ್ತನ ಪ್ರೇರಣೆಯಿಂದ, ಹದಿಮೂರು ವರ್ಷದ ಹುಡುಗರನ್ನು ಆರಿಸಿ ಐದು ವರ್ಷಗಳ ಕಾಲ ಒಬ್ಬ ಮುಖ್ಯೋಪಾಧ್ಯಾಯನ ಬಳಿ ಶಿಷ್ಯೋಪಾಧ್ಯಾಯರನ್ನಾಗಿ ಇಟ್ಟು ಬೆಳೆಸುವ ಕ್ರಮವು ಬಂದಿತು. ಅಂದರೆ ಕಳೆದುಕೊಂಡ ಸಾಮೀಪ್ಯವನ್ನು ಬೆಲೆಕೊಟ್ಟು ಮತ್ತೆ ಕೊಂಡುಕೊಂಡಂತಾಯಿತು.

೫. ಮನ್ರೋವಿನ ಸಂಕಲ್ಪ ಮತ್ತು ಅದರ ಗತಿ

ಜಿಲ್ಲೆಗಳ ಲೆಕ್ಕವೆಲ್ಲ ಸೇರಿದಮೇಲೆ, ೧೮೨೬ನೆಯ ಮಾರ್ಚಿ ೧೦ರ ಟಿಪ್ಪಣಿಯಲ್ಲಿ ಮನ್ರೋ ತನ್ನ ಯೋಜನೆಯನ್ನು ಮುಂದಿಟ್ಟನು. ಜಿಲ್ಲೆಗೆ ಎರಡರಂತೆ ೪೦ ದೊಡ್ಡ ಶಾಲೆಗಳು, ತಾಲ್ಲೂಕಿಗೆ ಒಂದರಂತೆ ೩೦೦ ಚಿಕ್ಕ ಶಾಲೆಗಳು. ಮೊದಲನೆಯವುಗಳ ಬೋಧಕನಿಗೆ ತಿಂಗಳಿಗೆ ೧೫ ರೂಪಾಯಿ, ಎರಡನೆಯವುಗಳ ಬೋಧಕನಿಗೆ ೯ ರೂಪಾಯಿ. ಇವರನ್ನು ಸಿದ್ಧಗೊಳಿಸಲು ಮದ್ರಾಸಿನಲ್ಲಿ ಒಂದು ಕೇಂದ್ರಶಾಲೆ. ಶಾಲೆಗಳ ಕೊರತೆಗಿಂತ ಬೋಧಕರ ಕೊರತೆಯೇ ಮೂಲವ್ಯಾಧಿಯೆಂಬುದನ್ನು ಅವನು ಕಂಡುಕೊಂಡಿದ್ದನು.

ಆದರೆ ಮರುವರ್ಷವೇ, ೧೮೨೭ರ ಜುಲೈ ತಿಂಗಳಿನಲ್ಲಿ, ಅವನು ವಾಂತಿಭೇದಿಯಿಂದ ತೀರಿಕೊಂಡನು. ಯೋಜನೆಯ ಅಲ್ಪಭಾಗವು ಮಾತ್ರ ನಡೆಯಿತು. ತಕ್ಕ ಬೋಧಕರು ದೊರೆಯಲಿಲ್ಲ. ಅಧಿಕಾರಿಗಳ ದೃಷ್ಟಿಯು ಇಂಗ್ಲಿಷು ವಿದ್ಯಾಭ್ಯಾಸದ ಕಡೆಗೆ ತಿರುಗಿತು. ೧೮೩೬ರಲ್ಲಿ ಆ ಶಾಲೆಗಳನ್ನು ಮುಚ್ಚಿಬಿಟ್ಟರು. ಕೇಂದ್ರಶಾಲೆಯು ಕ್ರಮೇಣ ಬೇರೆ ರೂಪವನ್ನು ತಾಳಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬೀಜವಾಯಿತು. ಹಳ್ಳಿಯ ಐಗಳಿಗಾಗಿ ತೆಗೆದ ಕಾಲುವೆಯ ನೀರು ಪಟ್ಟಣದ ತೋಟಕ್ಕೆ ಹರಿಯಿತು. ನಮ್ಮ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಇದು ಮೊದಲನೆಯ ಸಲವಾಗಿದ್ದಿರಬಹುದು. ಕಡೆಯ ಸಲವಂತೂ ಅಲ್ಲ.

೧೮೫೪ನೆಯ ಜುಲೈ ೧೯ರ ಸರ್ ಚಾರ್ಲ್ಸ್ ವುಡ್ಡನ ವಿದ್ಯಾಭ್ಯಾಸದ ಶಾಸನಪತ್ರವು ಬೋಧಕರನ್ನು ತಯಾರಿಸುವ ನಾರ್ಮಲ್ ಶಾಲೆಗಳನ್ನೂ, ಶಿಷ್ಯೋಪಾಧ್ಯಾಯರ ಕ್ರಮವನ್ನೂ, ತಿರುಗಾಡಿ ನೋಡುವ ಇನ್‌ಸ್ಪೆಕ್ಟರುಗಳನ್ನೂ ವಿಧಿಸಿತು. ಇಂಗ್ಲೆಂಡಿನಿಂದ ಬಂದ ಈ ವಿಧಿಯು ಕನ್ನಡ ನಾಡಿನಲ್ಲಿ ಜೀವ ತಳೆದ ಬಗೆಯೇ ಮುಂದಿನ ಪ್ರಕರಣ.

೬. ಧಾರವಾಡದ ಮಂಡಲಿ

ಆಗ ಧಾರವಾಡ ಬೆಳಗಾಂವಿ ಪ್ರಾಂತಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದುವು. ಕನ್ನಡವನ್ನಾಡುವ ಮಕ್ಕಳಿಗೂ ಅನೇಕ ಕಡೆಗಳಲ್ಲಿ ಮರಾಠಿಯ ಶಾಲೆಯೇ ಗತಿಯಾಗಿದ್ದಿತು. ಕನ್ನಡ ಶಾಲೆಯನ್ನು ತೆರೆಯೋಣವೆಂದರೆ ಕನ್ನಡದ ಬೋಧಕನಿಲ್ಲ. ಬೋಧಕನನ್ನು ಸಿದ್ಧಪಡಿಸೋಣವೆಂದರೆ ಕನ್ನಡದ ಪಠ್ಯವಿಲ್ಲ. ಈ ಇಕ್ಕಟ್ಟಿನಲ್ಲಿ ಧಾರವಾಡದ ನಾರ್ಮಲ್ ಶಾಲೆಯು, ಮುಂದೆ ಟ್ರೇನಿಂಗ್ ಕಾಲೇಜೆಂದು ಹೆಸರಾದುದು, ನೆಲೆಗೊಂಡಿತು. ವಿದ್ಯಾಧಿಕಾರಿಯಾಗಿದ್ದ ರಸೆಲ್ ಎಂಬ ಆಂಗ್ಲೇಯನು ಕನ್ನಡದ ಪಕ್ಷವನ್ನು ವಹಿಸಿದನು. ಇಂಜಿನಿಯರಿಂಗನ್ನು ಓದಿ ಅದನ್ನು ಬಿಟ್ಟು ವಿದ್ಯಾಭ್ಯಾಸದ ಇಲಾಖೆಗೆ ಬಂದ ಚನ್ನಬಸಪ್ಪನವರು ಆ ಶಾಲೆಯ ಮುಖ್ಯೋಪಾಧ್ಯಾಯರಾಗಿಯೂ, ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರಾಗಿಯೂ ಕೆಲಸಮಾಡಿದರು. ಅವರ ಹೆಸರಿಗೆ ಅಂಟಿದ 'ಡೆಪ್ಯುಟಿ' ಎಂಬ ಬಿರುದು ಜನರ ಪ್ರೀತಿಯಿಂದ ಶಾಶ್ವತವಾಗಿ ನಿಂತಿತು.

ಈ ಎರಡು ಅಧಿಕಾರಗಳು ಒಬ್ಬರಲ್ಲಿಯೇ ಸೇರಿದುದರ ಮಹತ್ತ್ವವನ್ನು ಗಮನಿಸಬೇಕು. ನಾರ್ಮಲ್ ಶಾಲೆಯಲ್ಲಿ ಯಾವನಿಗೆ ಕಲಿಸಿದರೋ ಅವನ ಹಳ್ಳಿಗೆ ಆ ಮೇಲೆ ಹೋಗಿ ನೋಡುವವರೂ ಅವರೇ ಅಥವಾ ಅವರ ಮಂಡಲಿಯವರೇ. ನೋಡುವವನು ಅಪರಿಚಿತನಲ್ಲ, ತನ್ನ ಗುರು. ತಪ್ಪು ಕಂಡರೆ ಅದರಲ್ಲಿ ಕಲಿಸಿದ ತನಗೂ ಪಾಲಿದೆಯೆಂದು ಬಲ್ಲವನು. ಐಗಳ ಮಠದಲ್ಲಿ ಮುರಿದಿದ್ದ ಮೇಲಣ ಮೆಟ್ಟಲು ಇಲ್ಲಿ ಮೊಟ್ಟಮೊದಲಿಗೆ ಕೂಡಿಕೊಂಡಿತು.

ಮತ್ತೊಂದು ಸಾಧನವು ಪತ್ರಿಕೆ. ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಉಪಾಧ್ಯಾಯರಿಗಾಗಿ 'ಮಠಪತ್ರಿಕೆ' ಎಂಬ ಪತ್ರಿಕೆಯು ಹೊರಟಿತು. ಅದೇ ಮುಂದೆ 'ಶಾಲಾಪತ್ರಿಕೆ'ಯಾಗಿ, ವೆಂಕಟ ರಂಗೋ ಕಟ್ಟಿಯವರಂತಹ ಸಮರ್ಥರ ಸಂಪಾದಕತ್ವವನ್ನು ಪಡೆಯಿತು; ಇಪ್ಪತ್ತನೆಯ ಶತಮಾನದಲ್ಲಿ 'ಜೀವನ ಶಿಕ್ಷಣ'ವೆಂಬ ಹೆಸರನ್ನು ತಳೆಯಿತು. ಈ ಮೂರು ಹೆಸರುಗಳಲ್ಲಿಯೇ ಒಂದು ಚರಿತ್ರೆಯು ಅಡಗಿದೆ. ಮಠವೆಂಬುದು ಐಗಳ ಕಾಲದ ಮಾತು. ಹಳೆಯ ಬೋಧಕನನ್ನು ಹೊರದೂಡದೆ ಅವನ ಮಾತಿನಲ್ಲಿಯೇ ಅವನನ್ನು ಕರೆಯುವ ಸೌಜನ್ಯವು ಅದರಲ್ಲಿದೆ. ಶಾಲೆಯೆಂಬುದು ಇಲಾಖೆಯ ಮಾತು. ಜೀವನ ಶಿಕ್ಷಣವೆಂಬುದು ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮಂಡಿಸಿದ ಮೂಲಶಿಕ್ಷಣದ ಗಾಳಿಯನ್ನು ಹೊತ್ತ ಮಾತೆಂದು ತೋರುತ್ತದೆ. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರಿನ ಒಂಟಿ ಬೋಧಕನಿಗೂ ತನ್ನಂತೆಯೇ ದುಡಿಯುವವರ ಒಂದು ಬಳಗವಿದೆಯೆಂಬ ಅರಿವನ್ನು ಅಂಚೆಯಲ್ಲಿ ಬರುವ ಕೆಲವು ಹಾಳೆಗಳು ಕೊಡಬಲ್ಲುವು. ಇಕ್ಕೇರಿಯ ದಾರಿಯ ನಾಲ್ವರು ಹುಡುಗರ ಜಗಲಿಯು ಈಗ ಅಚ್ಚಿನ ರೂಪವನ್ನು ತಾಳಿತೆನ್ನಬಹುದು.

ಈ ಮಂಡಲಿಯ ಸಾಹಿತ್ಯಸೇವೆಯು ವಾಚಕರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಚನ್ನಬಸಪ್ಪನವರು ಷೇಕ್ಸ್‌ಪಿಯರನ ಒಂದು ಹಾಸ್ಯನಾಟಕವನ್ನು 'ನಗದವರನ್ನು ನಗಿಸುವ ಕಥೆ'ಯೆಂದು ೧೮೭೧ರಲ್ಲಿ ಕನ್ನಡಿಸಿದರು. ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಾದಂಬರಿಯನ್ನೂ ಷಡಕ್ಷರಿಯ ರಾಜಶೇಖರವಿಳಾಸವನ್ನೂ ಗದ್ಯಕ್ಕೆ ತಂದರು. ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಕನ್ನಡಿಸಿದರು. ಸಾಹಿತ್ಯದ ಚರಿತ್ರೆಕಾರರು ಇವನ್ನು ಹೊಸಗನ್ನಡ ಗದ್ಯದ ಮತ್ತು ನಾಟಕದ ಉದಯವೆಂದು ಎಣಿಸುವರು, ಅದು ಸರಿ. ಆದರೆ ಇದರ ಮೊದಲ ವಾಚಕವರ್ಗವು ಯಾರೆಂಬುದನ್ನೂ ಚಿಂತಿಸಬೇಕು. ಅರ್ಥವರಿಯದೆ ಪದ್ಯವನ್ನು ಒಪ್ಪಿಸುತ್ತಿದ್ದ ಮಠದಿಂದ ಬಂದ ಬೋಧಕನಿಗೆ, ಹಳೆಯ ಕಾವ್ಯದ ಅರ್ಥವನ್ನು ತಿಳಿಗನ್ನಡದಲ್ಲಿ ತೆರೆದುಕೊಟ್ಟ ಗದ್ಯವು ಕಾವ್ಯವೂ ಆಯಿತು, ಶಿಕ್ಷಣವೂ ಆಯಿತು. ಕ್ಯಾಂಬೆಲ್ಲನು ೧೮೨೩ರಲ್ಲಿ ಎತ್ತಿದ ಆಕ್ಷೇಪಣೆಗೆ ಅರ್ಧ ಶತಮಾನದ ತರುವಾಯ ಧಾರವಾಡವು ಕೊಟ್ಟ ಉತ್ತರವಿದು. ಹೊಸಗನ್ನಡ ಗದ್ಯದ ತೊಟ್ಟಿಲನ್ನು ತೂಗಿದ ಕೈಗಳಲ್ಲಿ ಉಪಾಧ್ಯಾಯರನ್ನು ತಯಾರಿಸುವವರ ಕೈಗಳು ಮುಖ್ಯವಾದುವೆಂಬುದು ಈ ಲೇಖಕನ ಅಭಿಪ್ರಾಯ.

ಮೈಸೂರು ಸೀಮೆಯಲ್ಲಿ ೧೮೬೮ರಲ್ಲಿ ಬಿ. ಎಲ್. ರೈಸರು ಹೋಬಳಿ ಶಾಲೆಗಳ ಯೋಜನೆಯನ್ನು ತಂದಾಗಲೂ, ಊರಿನಲ್ಲಿ ಮೊದಲೇ ಪಾಠ ಹೇಳುತ್ತಿದ್ದವರನ್ನೇ ಆರಿಸಿ, ನಾರ್ಮಲ್ ಶಾಲೆಯಲ್ಲಿ ಅವರಿಗೆ ಶಿಕ್ಷಣಕೊಟ್ಟು ಮರಳಿ ಅಲ್ಲಿಗೇ ಕಳುಹಿಸುವ ನೀತಿಯನ್ನು ಅನುಸರಿಸಿದರು. ಶಾಸನಗಳ ಮಹಾಸಂಪುಟಗಳಿಂದ ನಮಗೆ ಪರಿಚಿತರಾದ ರೈಸರು, ಶಾಲೆಗಳನ್ನು ನೋಡಲು ಊರೂರು ಸುತ್ತುತ್ತಿದ್ದಾಗಲೇ ಶಾಸನಗಳ ಗೀಳನ್ನು ಹಚ್ಚಿಕೊಂಡವರೆಂಬುದು ಇಲ್ಲಿ ಸ್ಮರಣೀಯ.

೭. ಪರೀಕ್ಷಕನಾದ ಇನ್‌ಸ್ಪೆಕ್ಟರು

ಇಷ್ಟಾಗಿಯೂ ಈ ಬಳ್ಳಿಯು ಏಕೆ ಹಬ್ಬಲಿಲ್ಲ? ಅದಕ್ಕೆ ಒಂದು ಮುಖ್ಯ ಕಾರಣವು ಫಲಾನುಸಾರಿಯಾದ ವೇತನದ ಪದ್ಧತಿ. ೧೮೬೨ರಲ್ಲಿ ಇಂಗ್ಲೆಂಡಿನ ಪರಿಷ್ಕೃತ ನಿಯಮಾವಳಿಯು, ಒಂದೊಂದು ಮಗುವೂ ಓದು, ಬರೆಹ, ಲೆಕ್ಕಗಳಲ್ಲಿ ತೇರ್ಗಡೆಯಾದುದನ್ನು ನೋಡಿ ಶಾಲೆಗ ಹಣವನ್ನು ಅಳೆದುಕೊಡಬೇಕೆಂದು ವಿಧಿಸಿತು. ಅದೇ ಪದ್ಧತಿಯು ಮದ್ರಾಸು ಮುಂಬಯಿ ಆಧಿಪತ್ಯಗಳಿಗೂ ಬಂದಿತು. ೧೮೮೨ರ ಹಂಟರ್ ಆಯೋಗವು ನಾರ್ಮಲ್ ಶಾಲೆಗಳನ್ನು ಹೆಚ್ಚಿಸಬೇಕೆಂದು ಒಳ್ಳೆಯ ಮಾತನ್ನಾಡಿದರೂ, ಪ್ರಾಥಮಿಕ ಶಾಲೆಗಳಿಗೆ ಈ ವೇತನಕ್ರಮವನ್ನು ಸಮರ್ಥಿಸಿತು.

ಇದರಿಂದ ಇನ್‌ಸ್ಪೆಕ್ಟರನ ಪಾತ್ರವೇ ಬದಲಾಯಿತು. ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಪರೀಕ್ಷಿಸಿ, ಬೋಧಕನ ಅನ್ನವನ್ನು ನಿರ್ಣಯಿಸಿ ಹೋಗುವವನ ಮುಂದೆ, ನನಗೆ ಇದು ತಿಳಿಯದು, ಇದನ್ನು ಹೇಗೆ ಹೇಳಿಕೊಡಲಿ ಎಂದು ಬೋಧಕನು ಬಾಯಿಬಿಡುವುದುಂಟೆ? ಕೊರತೆಯನ್ನು ಮುಚ್ಚಿಡುವುದೇ ಅವನಿಗೆ ಜಾಣತನವಾಯಿತು. ವೈದ್ಯನು ದಂಡಾಧಿಕಾರಿಯೂ ಆದರೆ ರೋಗಿಯು ರೋಗವನ್ನು ಮರೆಮಾಚುವನು. ಉರುಹೊಡೆಯುವುದನ್ನು ಬಿಡಿಸಬೇಕೆಂದು ಹೊರಟ ಇಲಾಖೆಯೇ, ಪರೀಕ್ಷೆಯ ದಿನಕ್ಕಾಗಿ ಉರುಹೊಡೆಸುವುದನ್ನು ಬೋಧಕನಿಗೆ ಜೀವನೋಪಾಯವಾಗಿ ಮಾಡಿತು. ೧೯೦೪ರಲ್ಲಿ ಕರ್ಜನ್ನನ ಸರ್ಕಾರದ ನಿರ್ಣಯವು ಈ ಕ್ರಮವನ್ನು ಕೈಬಿಡಬೇಕೆಂದು ಸಾರುವ ಹೊತ್ತಿಗೆ ಒಂದು ತಲೆಮಾರೇ ಕಳೆದಿದ್ದಿತು.

ಆದರೂ ಅಧಿಕಾರದಲ್ಲಿದ್ದೇ ಮೇಷ್ಟರ ಹೃದಯವನ್ನು ಉಳಿಸಿಕೊಂಡವರು ಇಲ್ಲದಿರಲಿಲ್ಲ. ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದವರು; ೧೯೩೪ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ತರಗತಿಯಲ್ಲಿ ಮಕ್ಕಳ ಬಾಯಲ್ಲಿ ನಲಿಯಬಲ್ಲ ಹಾಡುಗಳಿಲ್ಲವೆಂಬುದನ್ನು ಕಂಡು, ವರದಿ ಬರೆಯುವುದರೊಂದಿಗೆ ಹಾಡುಗಳನ್ನೇ ಬರೆದುಕೊಟ್ಟರು. ಕೊರತೆಯನ್ನು ತೋರಿಸುವವನು ಅಧಿಕಾರಿ. ಅದನ್ನು ತುಂಬಿಕೊಡುವವನು ಗುರು.

೮. ಉಪಸಂಹಾರ

ಈ ಲೇಖಕನ ಅನುಭವದ ಒಂದು ಸಣ್ಣ ಸಂಗತಿಯನ್ನು ಇಲ್ಲಿ ನಿವೇದಿಸಿಕೊಳ್ಳಲು ವಾಚಕರು ಅನುಮತಿಯೀಯಬೇಕು. ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಗುರುಗಳು ಹೇಳಿದ ಪಾಠವನ್ನು ಸಂಜೆ ಹಿರಿಯ ವಿದ್ಯಾರ್ಥಿಯ ಮುಂದೆ ಚಿಂತನಮಾಡುವ ಪದ್ಧತಿಯಿದ್ದಿತು. ಒಂಟಿಯಾಗಿ ಓದುವುದೆಂದರೇನೆಂಬುದೇ ತಿಳಿದಿರಲಿಲ್ಲ. ಆ ಮೇಲೆ ಒಂದು ಪ್ರೌಢಶಾಲೆಯಲ್ಲಿ ಪಂಡಿತನಾಗಿ ಸೇರಿದ ದಿನ, ಕೈಗೆ ಸೀಮೆಸುಣ್ಣವನ್ನು ಕೊಟ್ಟು ಕೊಠಡಿಯನ್ನು ತೋರಿಸಿದರು, ಅಷ್ಟೇ ಉಪದೇಶ. ರಘುವಂಶದ ಅನ್ವಯವೂ ವಿಗ್ರಹವಾಕ್ಯಗಳೂ ನಾಲಗೆಯ ಮೇಲಿದ್ದುವು. ಎದುರಿಗಿದ್ದ ನಲವತ್ತು ಹುಡುಗರು ಮಾತ್ರ ಕಿಟಕಿಯ ಕಡೆಗೆ ನೋಡುತ್ತಿದ್ದರು. ಎರಡನೆಯ ತಿಂಗಳಿನಲ್ಲಿ, ನಿವೃತ್ತಿಗೆ ಹತ್ತಿರವಾಗಿದ್ದ ಕನ್ನಡದ ಪಂಡಿತರೊಬ್ಬರು ಕೇಳದೆಯೇ ಬಂದು ಮೂರು ದಿನ ಹಿಂದಿನ ಬೆಂಚಿನಲ್ಲಿ ಕುಳಿತರು. ಒಂದು ಮಾತನ್ನೂ ಆಡಲಿಲ್ಲ. ಮೂರನೆಯ ದಿನ ಮನೆಗೆ ನಡೆದುಹೋಗುವಾಗ, "ಶಾಸ್ತ್ರಿಗಳೆ, ಪಾಠ ಬಹಳ ಶುದ್ಧವಾಗಿದೆ. ಆದರೆ ನೀವು ಯಾರಿಗೆ ಹೇಳುತ್ತಿದ್ದೀರಿ? ಮಲ್ಲಿನಾಥನಿಗೋ, ಆ ಹುಡುಗರಿಗೋ?" ಎಂದು ಕೇಳಿದರು. ಮೂವತ್ತು ವರ್ಷಗಳ ಈ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷಣವು ದೊರೆತುದಿಲ್ಲ. ಅವರು ಬರೆದುಕೊಂಡು ಹೋಗಲು ಬಂದವರಲ್ಲ. ಆದುದರಿಂದಲೇ ಅವರ ಪ್ರಶ್ನೆಯು ನಾಟಿತು.

ಈಗ ಬೋಧಕರ ಶಿಕ್ಷಣಕ್ಕೆ ಏರ್ಪಾಡುಗಳು ಇಲ್ಲವೆನ್ನಲಾಗದು. ೧೯೮೬ರ ರಾಷ್ಟ್ರೀಯ ನೀತಿಯ ತರುವಾಯ ಜಿಲ್ಲೆಗೊಂದರಂತೆ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದುವು. ಶಾಲೆಗಳ ಸಮೂಹಕ್ಕೊಬ್ಬ ಸಂಪನ್ಮೂಲ ವ್ಯಕ್ತಿಯೂ ನಿಯುಕ್ತನಾದನು. ೨೦೨೦ರ ನೀತಿಯು ಪ್ರತಿಯೊಬ್ಬ ಉಪಾಧ್ಯಾಯನೂ ವರ್ಷಕ್ಕೆ ೫೦ ಗಂಟೆಗಳ ವೃತ್ತಿಶಿಕ್ಷಣವನ್ನು ಪಡೆಯಬೇಕೆಂದೂ, ಹಿರಿಯರು ಕಿರಿಯರಿಗೆ ಮಾರ್ಗದರ್ಶನ ನೀಡುವ ರಾಷ್ಟ್ರೀಯ ಯೋಜನೆಯೊಂದು ನಡೆಯಬೇಕೆಂದೂ ಹೇಳಿತು. ಸಂಕಲ್ಪವು ಸಾಧುವಾದುದು. ಆದರೆ ಮೇಲೆ ವಿವರಿಸಿದ ಚರಿತ್ರೆಯು ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಎಣಿಸಬಹುದಾದ ಅಂಶವು ಯಾವಾಗಲೂ ಉಳಿಯುವುದು, ಎಣಿಸಲಾಗದ ಅಂಶವು ಸೋರಿಹೋಗುವುದು. ಬೆಲ್ಲನ ಪದ್ಧತಿಯಲ್ಲಿ ಹುಡುಗರ ಸಂಖ್ಯೆ ಉಳಿಯಿತು, ಸಾಮೀಪ್ಯವು ಹೋಯಿತು. ಫಲಾನುಸಾರಿ ವೇತನದಲ್ಲಿ ತೇರ್ಗಡೆಯ ಲೆಕ್ಕ ಉಳಿಯಿತು, ವಿಶ್ವಾಸವು ಹೋಯಿತು. ೫೦ ಗಂಟೆಗಳ ಲೆಕ್ಕವು ಉಳಿದು, ಹಿಂದಿನ ಬೆಂಚಿನಲ್ಲಿ ಮೂರು ದಿನ ಸುಮ್ಮನೆ ಕುಳಿತುಕೊಳ್ಳುವ ಹಿರಿಯನು ಇಲ್ಲವಾಗದಂತೆ ನೋಡಿಕೊಳ್ಳುವುದು ನಮ್ಮ ಪೀಳಿಗೆಯ ಹೊಣೆ.

ಧಾರವಾಡದ ಮಂಡಲಿಯು ನೆರವೇರಿಸಿದುದು ಇಷ್ಟೇ: ಕಲಿಸಿದವನೇ ಹೋಗಿ ನೋಡಿದನು, ನೋಡಿದವನೇ ಬರೆದುಕೊಟ್ಟನು, ಬರೆದುದನ್ನು ಎಲ್ಲರೂ ಹಂಚಿಕೊಂಡರು. ಈ ಮಂಡಲಿಯವರ ಕಾರ್ಯಕ್ರಮ, ಹಳೆಯ ನಾರ್ಮಲ್ ಶಾಲೆಗಳ ದಾಖಲೆ, ಶಾಲಾಪತ್ರಿಕೆಯ ಹಿಂದಿನ ಸಂಪುಟಗಳು ಇವನ್ನು ಸಾಹಿತ್ಯಚರಿತ್ರೆಯ ಸಾಮಗ್ರಿಯೆಂದು ಮಾತ್ರವಲ್ಲದೆ ಬೋಧಕರ ಚರಿತ್ರೆಯ ಸಾಮಗ್ರಿಯೆಂದೂ ತಿಳಿದು ತರುಣ ಸಂಶೋಧಕರು ಪರಿಶೀಲಿಸಬೇಕೆಂದು ಪ್ರಾರ್ಥನೆ. ಇಲ್ಲಿ ಹೇಳಿದುದರಲ್ಲಿ ನ್ಯೂನತೆಗಳಿದ್ದರೆ ಬಲ್ಲವರು ತಿದ್ದಬೇಕು. ನಾಲ್ವರೂ ಒಂದೇ ಎಡೆಯಲ್ಲಿ ಮರೆಯುವುದು ಸಂಭವಿಸದಷ್ಟೆ.